ಅವ್ವನ ನಡಿಗೆಗೆ ಒಂದು ಕೆಲಸ ಕೋರಿ

ಇಂದ:
ಕು. ಭುವನೇಶ್ವರಿ, ಬಿ.ಎ.,
ನಡುಮನೆಯ ಕಿಟಕಿ ಪಕ್ಕ, ಬಸವಕಲ್ಯಾಣ.

ಗೆ:
ಶ್ರೀ ವೀರಭದ್ರಪ್ಪನವರು,
ಯಜಮಾನರು (ಹಾಗೂ ಅರ್ಜಿದಾರಳ ಅಪ್ಪ),
ಪಡಸಾಲೆ, ಅದೇ ಮನೆ.

ವಿಷಯ: ಅವ್ವನ ಹೃದಯದ ಚಿಕಿತ್ಸೆ.
ಉಲ್ಲೇಖ: ೧) ಹುಮನಾಬಾದ್ ಡಾಕ್ಟರ ಚೀಟಿ ೨) ಭಾನುವಾರದ ಪಡಸಾಲೆ ಸಭೆ ೩) ನನ್ನ ಡೈರಿ

ಮಾನ್ಯ ಅಪ್ಪನವರೇ,

ಎದುರು ನಿಂತರೆ ಮಾತು ಹೊರಡದ ಕಾರಣ, ಈ ಅರ್ಜಿಯನ್ನು ತಮ್ಮ ಕನ್ನಡಕದ ಕೆಳಗೆ ಸಲ್ಲಿಸಲಾಗಿದೆ.

೧. ಅವ್ವನ ಹೃದಯದ ರಕ್ತನಾಳ ಕಿರಿದಾಗಿದೆ, ಆದರೆ ತುರ್ತಿಲ್ಲ. ಗುಳಿಗೆ ಮತ್ತು ದಿನಾ ಅರ್ಧ ತಾಸಿನ ನಡಿಗೆ ಸಾಕು. ಮೂರು ತಿಂಗಳಾದರೂ ನೋವು ತಗ್ಗದಿದ್ದರೆ ಸ್ಟೆಂಟ್ ಯೋಚಿಸೋಣ. ಇವರಿಗೆ ಅದರಿಂದ ನೋವು ಕಡಿಮೆಯಾದೀತು, ಆಯುಷ್ಯ ಹೆಚ್ಚದು ಎಂದು ಡಾಕ್ಟರು ತಿಳಿಸಿರುತ್ತಾರೆ.

೨. ಸದರಿ ಸಲಹೆ ಸಭೆಗೆ ಸಪ್ಪೆಯೆನಿಸಿತು. ಶಂಕರಲಿಂಗ ಕಾಕಾ, "ಬರೇ ಗುಳಿಗಿ ಮ್ಯಾಲ ಇಟ್ರ ಮಂದಿ ಏನಂತಾರಣ್ಣಾ? ಒಂದು ಸ್ಟೆಂಟರ ಹಾಕ್ಸು" ಎಂದರು. ಗಿರಿಜಾಬಾಯಿ ಅತ್ತೆ, "ನಮ್ಮ ನೆಗೆಣಿಗಿ ಬೈಪಾಸೇ ಆಗ್ಯಾದ. ನೋಡಾಕ ಎರಡು ಜೀಪ್ ಮಂದಿ ಬಂದಿದ್ರು" ಎಂದು ಕಾಕಾನನ್ನು ಮೀರಿಸಿದರು.

೩. ನಡಿಗೆಯ ಬಗ್ಗೆ ತಾವು, "ಈ ಮನಿ ಹೆಣ್ಮಗಳು ಕೆಲಸಿಲ್ದ ರಸ್ತಾದಾಗ ತಿರಗಾಡಾಕತ್ರ ನಾ ಅಂಗಡ್ಯಾಗ ಹ್ಯಾಂಗ ಕೂಡ್ಲಿ?" ಎಂದಿರಿ. ಆದ್ದರಿಂದ, ಅವ್ವ ರಸ್ತೆಗೆ ಇಳಿಯದಿರಲೆಂದು ಅವಳ ರಕ್ತನಾಳಕ್ಕೆ ಸ್ಟೆಂಟ್ ಇಳಿಸಲು ತೀರ್ಮಾನವಾಯಿತು.

೪. ಅಷ್ಟೂ ಹೊತ್ತು ಅವ್ವ ಚಹಾ ಸೋಸುತ್ತಿದ್ದಳು. ಸಭೆ ಅವಳನ್ನು ಕೇಳಿದ್ದು ಸಕ್ಕರೆ ಯಾಕೆ ಕಡಿಮೆಯೆಂದು ಮಾತ್ರ.

೫. ಹುಮನಾಬಾದಿನಲ್ಲಿ ಡಾಕ್ಟರು, "ಎದಿ ಯಾವಾಗ ನೋಯ್ತದ್ರಿ ಅವ್ವಾರ?" ಎಂದಾಗ, "ಯಾವಾಗರ ಒಂದೀಟ್ರಿ, ಹಂಗ ಆರಾಮ ಅದಾಳ" ಎಂದು ತಾವೇ ಉತ್ತರಿಸಿದಿರಿ. ಆ ಕಾರಣ, ಅವ್ವನ ಉತ್ತರ ವಾಪಸು ಬರುವ ಬಸ್ಸಿನಲ್ಲಿ ನನಗೆ ಸಿಕ್ಕಿತು: "ಒದ್ದಿ ಅರಬಿ ಒಣಹಾಕಾಕ ಮಾಳಿಗಿ ಏರುವಾಗ. ಒಂಬತ್ತನೇ ಮೆಟ್ಲಿಗೆ ಕೂತ್ಬಿಡ್ತೇನಿ. ಯಾರಿಗೂ ಹೇಳಬ್ಯಾಡ." ಡೈರಿಯಲ್ಲಿ ಬರೆದರೆ ಹೇಳಿದಂತಲ್ಲ ಎಂದು ಬರೆದಿಟ್ಟೆ. ಈಗ ಹೇಳುತ್ತಿದ್ದೇನೆ.

೬. ನಿನ್ನೆ ನಾನು ಕೇಳಿದೆ, "ಅವ್ವಾ, ನಿನಗ ಯಾವುದು ಬೇಕು?" ಅವ್ವ, "ನನ್ನ ಚಪ್ಪಲಿ ಎಲ್ಲವ ನೋಡು" ಎಂದಳು.

ಆದಕಾರಣ, ತಮ್ಮ ಮರ್ಯಾದೆಗೆ ಧಕ್ಕೆ ಬಾರದಂತೆ ಅವ್ವನಿಗೆ ನಾರಾಯಣಪುರದ ರಸ್ತೆಯಲ್ಲಿ ದಿನಾ ಅರ್ಧ ತಾಸಿನ ಒಂದು ಕೆಲಸ ಮಂಜೂರು ಮಾಡಬೇಕು. ಕೈಯಲ್ಲಿ ತಂಬಿಗೆಯಿರುತ್ತದೆ, ಕೇಳಿದವರಿಗೆ ಶಿವನ ಗುಡಿಗೆ ಎನ್ನಲಾಗುವುದು. ಗುಡಿ ಮುಟ್ಟುವುದು ಕಡ್ಡಾಯವಲ್ಲ. ಎದೆ ನೋವಾದರೆ ನಾಲಿಗೆ ಕೆಳಗಿಡುವ ಗುಳಿಗೆ ನನ್ನ ಬಳಿ ಇರುತ್ತದೆ.

ತಮ್ಮ ವಿಶ್ವಾಸಿ ಮಗಳು,
ಭುವನೇಶ್ವರಿ

ಲಗತ್ತು: ಡಾಕ್ಟರ ಚೀಟಿ, ಡೈರಿಯ ಒಂದು ಹಾಳೆ. (ತಂಬಿಗೆ ಲಗತ್ತಿಸಿಲ್ಲ, ಅವ್ವನ ಕೈಯಲ್ಲಿದೆ.)

ವಿ.ಸೂ.: ತಾವು ಇದನ್ನು ಓದುವಾಗ ನಾವಿಬ್ಬರೂ ಹೊರಟಿರುತ್ತೇವೆ. ಬರುವಷ್ಟರಲ್ಲಿ ಚಹಾ ಸೋಸಿಟ್ಟಿರಬೇಕಾಗಿ ಕೋರಿಕೆ. ಅವ್ವನಿಗೆ ಸಕ್ಕರೆ ಎಷ್ಟೆಂದು ತಮಗೆ ಗೊತ್ತಿಲ್ಲದಿದ್ದಲ್ಲಿ, ಅವಳನ್ನೇ ಕೇಳತಕ್ಕದ್ದು.