ನಮ್ಮ ಆಟದ ಬಯಲಿಗೆ ಇಳಿಯುವ ವಿಮಾನ ಮಹಾಶಯರಿಗೆ

ಮಾನ್ಯರೇ,

ಮೋಡವನ್ನು ನಾಟಕದ ಪರದೆಯಂತೆ ಸರಿಸಿ ರಂಗಪ್ರವೇಶ ಮಾಡುವ ಮಹಾಪ್ರಭುಗಳೇ, ಎರಡು ರೆಕ್ಕೆ, ಒಂದು ಬಾಲ ಹಾಗೂ ಅಳತೆ ಮೀರಿದ ಆತ್ಮವಿಶ್ವಾಸ ಹೊಂದಿರುವ ವಿಮಾನ ಮಹಾಶಯರೇ, ಟುವಾಲು ದೇಶದ ರಾಜಧಾನಿ ಫುನಾಫುಟಿಯ ನಿವಾಸಿಯೂ, ಒಳಗಡಲ ದಡದವರ ಆಟದ ತಂಡಕ್ಕೆ ನಾಯಕನೂ, ಮದುವೆಗೆ ತಯಾರಾಗಿ ನಿಂತಿರುವ ಪೆನಿಯೇಲಿ ಎಂಬ ಹುಡುಗನ ಸೋದರಮಾವನೂ ಆದ ಸೇಮು ಕಿಲಿಫಿ ಎಂಬ ನಾನು ಮಾಡುವ ಸಾಷ್ಟಾಂಗ ನಮಸ್ಕಾರವನ್ನು ತಾವು ಸ್ವೀಕರಿಸಬೇಕು. ರನ್‌ವೇಯ ಮೇಲೇ ಅಡ್ಡಬೀಳಬೇಕೆಂದಿದ್ದೆ. ತಾವು ಯಾವ ಹೊತ್ತಿಗೆ ಬರುತ್ತೀರೆಂಬುದು ತಮಗೇ ಗೊತ್ತಿರುವುದಿಲ್ಲವಾದ್ದರಿಂದ ಪಕ್ಕದ ಹಂದಿಗೂಡುಗಳ ಬಳಿ ಬಿದ್ದಿದ್ದೇನೆ.

ತಮ್ಮ ಹಿರಿಮೆ ಅರಿಯದ ಜನ ನಾವಲ್ಲ. ದೇವರು ನಮಗೆ ಸಮುದ್ರ ಕೊಡುವಾಗ ಧಾರಾಳವಾಗಿ ಕೈ ಬಿಚ್ಚಿದ, ನೆಲ ಕೊಡುವಾಗ ಮುಷ್ಟಿ ಬಿಗಿದ. ಹವಳದಿಬ್ಬ ಬಳಸಿದ ಒಳಗಡಲ ದಡದಲ್ಲಿ ಸೀನಿದರೆ ಮಹಾಸಾಗರದ ಕಡೆಯ ಹೊರಗಡಲ ದಡದವರು ಮುಖ ಒರೆಸಿಕೊಳ್ಳುವಷ್ಟು ಅಗಲದ ನಾಡು ನಮ್ಮದು. ಅದರಲ್ಲಿ ಇದ್ದ ಒಂದೇ ಒಂದು ವಿಶಾಲ ಜಾಗವನ್ನು ತಮ್ಮ ಪಾದಗಳಿಗೆ ಅರ್ಪಿಸಿದ್ದೇವೆ. ಆದರೆ ತಾವು ವಾರಕ್ಕೆ ಒಂದೆರಡು ಸಲ ಬಂದು ಬಿಸಿ ಉಸಿರು ಬಿಟ್ಟು ಹೋಗುವವರು. ಉಳಿದ ಹೊತ್ತೆಲ್ಲ ಅದು ನಮ್ಮ ಅಂಗಳ. ಮಕ್ಕಳು ಸೈಕಲ್ ಕಲಿಯುವುದು, ಪೊಲೀಸರು ಫುಟ್‌ಬಾಲ್ ಆಡುವುದು, ಸೆಖೆ ತಾಳದ ಸಂಸಾರಗಳು ಚಾಪೆ ಹಾಸುವುದು, ಎಲ್ಲವೂ ಅಲ್ಲೇ. ತಾವು ಬರುವ ಮುಂಚೆ, ಹೊರಡುವ ಮುಂಚೆ ಅಗ್ನಿಶಾಮಕದ ಸಕಲಿಯಾ ಸೈರನ್ ಕೂಗಿಸುತ್ತಾನೆ, ನಾವು ಎದ್ದು ದಾರಿ ಬಿಡುತ್ತೇವೆ, ತಾವು ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತೇವೆ. ಆನೋ ಆಟ ಒಂದನ್ನು ಬಿಟ್ಟು.

ಕೇದಗೆ ಗರಿಯಿಂದ ಹೆಣೆದ ಭಾರದ ಚೆಂಡನ್ನು ಎದುರುಬದುರು ನಿಂತ ಎರಡು ದಂಡು ಅಂಗೈಯಿಂದ ಬಾರಿಸಿ, ತಮ್ಮತ್ತ ಬಂದದ್ದನ್ನು ಹಿಡಿಯುವ ಈ ಆಟದಲ್ಲಿ, ಚೆಂಡು ನೆಲಕ್ಕೆ ಬೀಳಿಸಿದವರು ಎದುರಾಳಿಗೆ ಒಂದು ಅಂಕ ಕೊಟ್ಟಂತೆ, ಮೊದಲು ಹತ್ತು ಮುಟ್ಟಿದವರು ಗೆದ್ದಂತೆ. ನಡುವೆ ಸೈರನ್ ಕೂಗಿತೋ, ಆಟ ಸತ್ತಂತೆ! ಮತ್ತೆ ಸೊನ್ನೆಯಿಂದಲೇ ಹುಟ್ಟಬೇಕು. ಹಿರಿಯರು ಹಾಕಿಕೊಟ್ಟ ಕಟ್ಟಳೆ ಇದು.

ಈಗ ಹೊರಗಡಲ ದಡದವರ ನಾಯಕರಾದ ಅಪಿನೇಲು ಅವರನ್ನು ತಮಗೆ ಪರಿಚಯಿಸಬೇಕು. ನಮ್ಮ ಸಂಸತ್ತಿನಲ್ಲಿ ಇರುವವರೇ ಬೆರಳೆಣಿಕೆಯ ಮಂದಿ, ಪಕ್ಷ ಎಂಬ ತಾಪತ್ರಯವಿಲ್ಲ; ಊಟಕ್ಕೆ ಮೊದಲು ಎಡಕ್ಕೆ ಕೂತಿದ್ದ ಇಬ್ಬರು ಊಟವಾದ ಮೇಲೆ ಬಲಕ್ಕೆ ಕೂತರೆ ಸರ್ಕಾರವೇ ಬದಲಾಗುತ್ತದೆ. ಹಾಗೆ ಬೆಳಿಗ್ಗೆ ಸಚಿವರಾಗಿದ್ದು ಮಧ್ಯಾಹ್ನ ಮಾಜಿಯಾದವರು ಅವರು. ಕುರ್ಚಿ ಹೋದಾಗ ಕಣ್ಣು ಮಿಟುಕಿಸದ ಆ ಗಂಡೆದೆಗೆ ಆನೋದಲ್ಲಿ ಸೋಲುವುದೆಂದರೆ ಮಾತ್ರ ಪ್ರಾಣಸಂಕಟ. ಅವರ ಮಗಳು ಲೋಸಾಳನ್ನು ನಮ್ಮ ಪೆನಿಯೇಲಿಗೆ ಕೇಳಲು ಹೋದಾಗ, ಇಡೀ ಊರು ಕೂತಿದ್ದ ಚಾವಡಿಯಲ್ಲಿ ಎದ್ದು ನಿಂತು, “ಹುಡುಗ ಒಳ್ಳೆಯವನೇ, ಯಾರು ಇಲ್ಲ ಅಂದ್ರು? ಆದ್ರೆ ನನ್ನ ತಂಡಾನ ಸೋಲಿಸಿದೋರಿಗೇ ನನ್ನ ಮಗಳು. ಆಗಲ್ವಾ? ಹಡಗಿಗೆ ಹೋಗಿ ಬರ್ಲಿ, ಮುಂದಿನ ರಜದಲ್ಲಿ ನೋಡೋಣ!” ಎಂದು ಗುಡುಗಿಬಿಟ್ಟರು. ಚಾವಡಿಯಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ, ಅದೇನಿದ್ದರೂ ಸಂಸತ್ತಿನಲ್ಲಿ. ಪೆನಿಯೇಲಿ ಪರದೇಶದ ಸರಕುಹಡಗಿನ ನಾವಿಕ. ಗುರುವಾರ ತಮ್ಮ ಹೊಟ್ಟೆಯೊಳಗೇ ಕೂತು ಹೊರಡಬೇಕು. ಮುಂದಿನ ರಜೆ ಎಂದರೆ ಬರುವ ವರ್ಷದ ಮಾತು.

ಇದರ ಮೇಲೊಂದು ವಿಪತ್ತು ಕೇಳಿ, ಮಹಾಸ್ವಾಮಿ: ಅಪಿನೇಲು ತಂಡದಲ್ಲಿ ಚೆಂಡು ಹಿಡಿಯುವ ವೀರಾಗ್ರಣಿ ಬೇರಾರೂ ಅಲ್ಲ, ವಧುವೇ! ನಾನು ಗುಟ್ಟಾಗಿ ಹೋಗಿ, “ಮಗಳೇ, ನಿನ್ನ ಮದುವೆ ಕಣೇ, ಒಂದೇ ಒಂದು ಚೆಂಡು ಕೈಬಿಡು” ಎಂದು ಗೋಗರೆದರೆ, ಗೆಡ್ಡೆ ಹೆರೆಯುತ್ತಿದ್ದ ಕೈಯನ್ನೂ ನಿಲ್ಲಿಸದೆ, “ಮಾವಾ, ಅವನನ್ನ ಮದುವೆ ಆಗೋಕೆ ನಾನು ರೆಡಿ. ನಿಮ್ಮ ಹತ್ರ ಸೋಲೋಕೆ ರೆಡಿ ಇಲ್ಲ. ಅವನಿಗೆ ಮೊದ್ಲು ಚೆಂಡು ಹಿಡಿಯೋದು ಕಲಿಸಿ, ಹೋಗಿ” ಎಂದಳು. ರನ್‌ವೇಗೆ ಅಂಟಿಕೊಂಡ ಮನೆಯಲ್ಲಿ ಹುಟ್ಟಿದ ಹುಡುಗಿ ಅದು. ಕೂಸಾಗಿದ್ದಾಗಲೂ ತಮ್ಮ ಗರ್ಜನೆಗೆ ಮಗ್ಗುಲು ಬದಲಿಸಿದವಳಲ್ಲ. ತಗಡಿನ ಸೂರು ಗಡಗಡ ನಡುಗಿದರೂ ತಲೆ ಎತ್ತಿ ತಮ್ಮನ್ನು ನೋಡುವ ಮರ್ಯಾದೆ ತೋರಿದವಳಲ್ಲ. ಅಂಥವಳ ಕೈಯಿಂದ ಚೆಂಡು ಜಾರಿಸುವುದು ನಮ್ಮಂಥವರಿಂದಾದೀತೇ?

ಆದರೂ ಮಂಗಳವಾರ ಸಂಜೆ ನಾವು ಒಂಬತ್ತು, ಅವರು ಎಂಟು! ಚೆಂಡು ಗಾಳಿಯಲ್ಲಿ, ನಮ್ಮ ಕೈಗಳೂ ಗಾಳಿಯಲ್ಲಿ. ಸದಾ ತಡವಾಗಿ ಬರುವ ತಾವು, ಆ ದಿನ ಬರುವ ಮಾತೇ ಇಲ್ಲದ ತಾವು, ದಿಗಂತದಲ್ಲಿ ಚುಕ್ಕಿಯಾಗಿ ಮೂಡಿದಿರಿ. ನಮ್ಮದು ಪುಟ್ಟ ದೇಶ, ಒಬ್ಬೊಬ್ಬರಿಗೆ ನಾಲ್ಕಾರು ಉದ್ಯೋಗ. ಸೈರನ್ ಕೂಗಿಸುವ ಸಕಲಿಯಾನೇ ಆಟದ ತೀರ್ಪುಗಾರ, ಅವನೇ ಹಬ್ಬದೂಟಕ್ಕೆ ಹಂದಿ ಸುಡುವವನು. ಪಾಪ, ಬಾಯಲ್ಲಿದ್ದ ಸೀಟಿ ಉಗುಳಿ ಸೈರನ್ನಿನತ್ತ ಓಡಿದ. ಅಪಿನೇಲು ಎರಡೂ ತೋಳೆತ್ತಿ, “ಸೊನ್ನೆ! ಸೊನ್ನೆ! ದೇವರು ಆಕಾಶದಿಂದ ತೀರ್ಪು ಕಳಿಸಿದಾನೆ!” ಎಂದು ಕುಣಿದರು. “ಬೀಗರೇ, ಅದು ದೇವರಲ್ಲ, ಈರುಳ್ಳಿ ತರೋ ವಿಮಾನ!” ಎಂದು ನಾನು ಕೂಗಿದರೆ, “ಬೀಗ ಅನ್ಬೇಡ, ಇನ್ನೂ ಆಗಿಲ್ಲ!” ಎಂದರು.

ತಾವೋ, ಈರುಳ್ಳಿಯನ್ನೂ ತಂದಿರಲಿಲ್ಲ. ತಂದದ್ದು ಒಬ್ಬ ಕ್ಯಾಮೆರಾದವನನ್ನು. ಇಳಿದವನೇ ನನ್ನ ಚಿಕ್ಕಮ್ಮ ವೈಯೋಲಾಳ ಬಳಿ ಹೋಗಿ, ಮುಖ ಸಣ್ಣಗೆ ಮಾಡಿಕೊಂಡು, ಮುಳುಗುತ್ತಿರುವ ದೇಶದಲ್ಲಿ ಬದುಕುವುದು ಹೇಗನಿಸುತ್ತದೆ ಎಂದು ಕೇಳಿದ. “ದೇಶ ಆಮೇಲೆ ಮುಳುಗುತ್ತೆ ಮಗಾ,” ಎಂದಳು ಚಿಕ್ಕಮ್ಮ, “ಈಗ ನಮ್ಮ ಹುಡುಗನ ಮದುವೆ ಮುಳುಗ್ತಾ ಇದೆ, ಬೇಕಾದ್ರೆ ಅದರ ಫೋಟೋ ತೆಕ್ಕೋ!”

ತಾವು ಹೊರಡುವಷ್ಟರಲ್ಲಿ ಕತ್ತಲಾಗಿತ್ತು. ಬುಧವಾರ ಆಡೋಣವೆಂದರೆ ದೊಡ್ಡ ಉಬ್ಬರದ ನೀರು ನೆಲದೊಳಗಿಂದಲೇ ಉಕ್ಕಿ ಬಂದು, ಪ್ರೇಕ್ಷಕರಿಗಿಂತ ಮೊದಲು ಸಮುದ್ರವೇ ರನ್‌ವೇಯಲ್ಲಿ ಕಾಲು ಚಾಚಿ ಕೂತಿತ್ತು. ಇನ್ನುಳಿದಿರುವುದು ಗುರುವಾರದ ಬೆಳಿಗ್ಗೆ ಮಾತ್ರ.

ಮಾನ್ಯರೇ, ನಮ್ಮ ದೇಶದ ಆದಾಯವನ್ನು ಒಮ್ಮೆ ನೋಡಿ. ಪರದೇಶದ ಹಡಗುಗಳು ನಮ್ಮ ಕಡಲಲ್ಲಿ ಮೀನು ಹಿಡಿಯಲು ತೆರುವ ಸುಂಕ, ಅಂತರ್ಜಾಲದ ವಿಳಾಸಗಳ ಕೊನೆಗೆ ಬರುವ ‘ಟಿವಿ’ ಎಂಬ ನಮ್ಮ ಹೆಸರಿನ ಎರಡಕ್ಷರವನ್ನು ಬಾಡಿಗೆಗೆ ಬಿಟ್ಟು ಬಂದದ್ದು, ಹಡಗಿಗೆ ಹೋದ ಹುಡುಗರು ಮನೆಗೆ ಕಳಿಸುವುದು. ಮೀನು, ಅಕ್ಷರ, ಅಳಿಯಂದಿರು: ನಮ್ಮ ರಫ್ತು ಇಷ್ಟೇ. ಮೀನು ಹೋಗಲಿ, ಅಕ್ಷರವೂ ಹೋಗಲಿ. ಅಳಿಯನನ್ನು ಅಳಿಯನಾಗುವ ಮೊದಲೇ ರಫ್ತು ಮಾಡುವುದು ಯಾವ ಅರ್ಥಶಾಸ್ತ್ರ?

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ಗುರುವಾರ ತಾವು ತಮ್ಮ ಮನೆತನದ ಸಂಪ್ರದಾಯ ಬಿಡದೆ ತಡವಾಗಿಯೇ ಬರಬೇಕು. ಅದಾಗದಿದ್ದರೆ ದಾರಿಯಲ್ಲೊಂದು ಒಳ್ಳೆಯ ಮೋಡ ನೋಡಿ ಅದರ ಮೇಲೆ ಮಲಗಬೇಕು. ನಿದ್ದೆ ಬಾರದಿದ್ದರೆ ಬಾತುಕೋಳಿಯಂತೆ ಒಳಗಡಲಿನಲ್ಲೇ ಇಳಿದು, ಈಜುತ್ತ ದಡಕ್ಕೆ ಬರಬೇಕು. ಟವೆಲ್ ಹಿಡಿದು ನಾನೇ ನಿಂತಿರುತ್ತೇನೆ. ಇದೂ ಕಷ್ಟವೆನಿಸಿದರೆ, ತಮಗೊಂದು ಮರಿವಿಮಾನ ಹುಟ್ಟಿ, ಅದರ ಮದುವೆಯ ಮುಹೂರ್ತದಲ್ಲಿ ನಾವೆಲ್ಲ ಚಾಪೆ ಸಮೇತ ಬಂದು ತಮ್ಮ ಆಕಾಶದಲ್ಲಿ ಮಲಗಿದರೆ ಹೇಗಿರುತ್ತದೆಂದು ಒಂದು ಕ್ಷಣ ಯೋಚಿಸಬೇಕು.

ಇತಿ, ತಮ್ಮ ನೆರಳು ಬಿದ್ದಲ್ಲೆಲ್ಲ ಚೆಂಡು ಎತ್ತಿಕೊಂಡು ಓಡುವ,

ತಮ್ಮ ವಿಶ್ವಾಸಿ,
ಸೇಮು ಕಿಲಿಫಿ

ತಾ.ಕ.: ಚಾವಡಿಯ ಕಂಬಕ್ಕೆ ಅಂಟಿಸಿದ್ದ ಈ ಪತ್ರವನ್ನು ತಾವು ಓದಿಲ್ಲವೆಂಬುದು ಖಚಿತ, ಏಕೆಂದರೆ ಗುರುವಾರ ತಾವು ಜೀವಮಾನದಲ್ಲೇ ಮೊದಲ ಸಲ ಸರಿಯಾದ ಹೊತ್ತಿಗೆ ಬಂದಿರಿ. ಆಗ ಎರಡೂ ಕಡೆ ಒಂಬತ್ತು. ಅಪಿನೇಲು, “ಸೈರನ್ ಕಣೋ ಸಕಲಿಯಾ, ಸೈರನ್!” ಎಂದು ಅರಚಿದರೆ, ಅವನು ನಿಂತಲ್ಲಿಂದ ಕದಲದೆ, “ಚೆಂಡು ಗಾಳೀಲಿದೆ ಯಜಮಾನ್ರೇ! ಮಂಗಳವಾರ ಓಡಿಹೋಗಿದ್ದಕ್ಕೆ ನನ್ನ ಹೆಂಡ್ತಿ ಇನ್ನೂ ಮಾತಾಡಿಸ್ತಿಲ್ಲ!” ಎಂದ. ತಾವು ಕೆಳಗಿಳಿಯಲು ಬಂದು, ನಮ್ಮನ್ನು ಕಂಡು ಬೆದರಿ, ತಲೆಯ ಮೇಲಿಂದ ಭೋರೆಂದು ಮೇಲಕ್ಕೇರಿದಿರಿ. ಪೆನಿಯೇಲಿ ಬಾರಿಸಿದ ಚೆಂಡು ನೇರವಾಗಿ ಲೋಸಾಳ ಕೈಗೇ ಬರುತ್ತಿತ್ತು. ಲೋಸಾ ತಲೆ ಎತ್ತಿ ತಮ್ಮನ್ನು ನೋಡಿದಳು.

ಚೆಂಡು ಬಿತ್ತು.

“ಏನೇ ಇದು?” ಎಂದು ಅಪ್ಪ ಕೇಳಿದರೆ, “ಅಬ್ಬಾ, ಎಂಥಾ ಸದ್ದಪ್ಪಾ! ಬೆಚ್ಚಿಬಿದ್ದೆ” ಎಂದಳು. ಅಪಿನೇಲು ಮಗಳನ್ನು ನೋಡಿದರು, ಆಕಾಶ ನೋಡಿದರು, ಕೊನೆಗೆ ನನ್ನನ್ನು ನೋಡಿ, “ಹೂವಿನ ದಂಡೆ ತರ್ಸಿ, ಬೀಗರೇ” ಎಂದರು. ನಮ್ಮ ತಂಡದಲ್ಲೇ ಆಡುತ್ತಿದ್ದ ಪಾದ್ರಿಗಳು ಬೆವರು ಒರೆಸಿಕೊಂಡು ರನ್‌ವೇಯ ಅಂಚಿನಲ್ಲೇ ಮದುವೆ ಮಾಡಿಸಿದರು. ತಾವು ಇನ್ನೊಂದು ಸುತ್ತು ಹಾಕಿ ಬಂದು ಇಳಿದಿರಿ. ಆದರೆ ಮತ್ತೆ ಸೈರನ್ ಕೂಗದೆ ತಾವು ಹೊರಡುವಂತಿರಲಿಲ್ಲ, ಸಕಲಿಯಾನ ಹಂದಿ ಬೇಯದೆ ಸೈರನ್ ಕೂಗುವಂತಿರಲಿಲ್ಲ. ಸಂಜೆಯವರೆಗೆ ಬಿಸಿಲಲ್ಲಿ ನಿಂತಿರಿ, ಸಂತೋಷ.

ಮದುಮಗನನ್ನು ಕೊರಳ ಹೂವಿನ ಸಮೇತ ಕರೆದುಕೊಂಡು ಹೋದಿರಿ. ಹುಟ್ಟಿದಾಗಿನಿಂದ ತಮ್ಮತ್ತ ಕಣ್ಣೆತ್ತದ ಹುಡುಗಿ ಈಗ ಸಣ್ಣ ಸದ್ದಾದರೂ ಅಂಗಳಕ್ಕೆ ಬಂದು ಆಕಾಶ ನೋಡುತ್ತಾಳೆ. ಅವನನ್ನು ವಾಪಸು ತರುವ ದಿನ ಮಾತ್ರ ದಯವಿಟ್ಟು ತಡಮಾಡಬೇಡಿ. ಈರುಳ್ಳಿ ಬೇಕಾದರೆ ಎಂದಿನಂತೆ ಮರೆತು ಬನ್ನಿ.