ನಮ್ಮತ್ತೆಯ ಪ್ರಚ್ಛನ್ನ ಶಕ್ತಿ

ನಮ್ಮ ಸೋದರತ್ತೆಯ ಎದುರು ಸುಮ್ಮನೆ ಕೂರುವುದು ಅಪಾಯ! ಓಡಾಡುವವರನ್ನು ಹೇಗೋ ಬಿಟ್ಟುಬಿಡುತ್ತಾರೆ. ಆದರೆ ಸುಮ್ಮನಿರುವುದು ಮನುಷ್ಯನಾಗಲಿ, ಅಟ್ಟದ ಮೇಲಿನ ಕಡಲೆಕಾಯಿ ಮೂಟೆಯಾಗಲಿ, "ಇದ್ರೊಳಗೆ ಪ್ರಚ್ಛನ್ನ ಶಕ್ತಿ ಐತೆ" ಎಂದು ಪಾಠ ಶುರು. ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರಾಗಿದ್ದವರು. ನಿವೃತ್ತಿಯಾದದ್ದು ನೌಕರಿಯಿಂದ, ಪಾಠದಿಂದಲ್ಲ.

ನನ್ನ ತಂಗಿಯನ್ನು ನೋಡಲು ಮೊಳಕಾಲ್ಮೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಮನೆಯಲ್ಲೇ ಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ನೇಯುವ ಕುಟುಂಬ. ಹುಡುಗ ನಾಚಿಕೊಂಡು ತಲೆಯನ್ನೇ ಎತ್ತಲಿಲ್ಲ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಹುಡುಗನಲ್ಲಿ ಪ್ರಚ್ಛನ್ನ ಶಕ್ತಿ ಬೇಕಾದಷ್ಟೈತೆ. ಚಲನ ಶಕ್ತೀನೇ ಕಾಣ್ತಿಲ್ವಲ್ಲ!"

ಅವ್ವ ಗಡಿಬಿಡಿಯಲ್ಲಿ ಉಪ್ಪಿಟ್ಟಿನ ತಟ್ಟೆಯನ್ನು ಅತ್ತೆಯ ಕೈಗೇ ತುರುಕಿದರು. ಪುಣ್ಯಕ್ಕೆ ಹುಡುಗ ನಕ್ಕುಬಿಟ್ಟ. ಆ ನಗು ನೋಡಿಯೇ ಒಪ್ಪಿದ್ದು ಎಂದು ತಂಗಿ ಈಗಲೂ ಹೇಳುತ್ತಾಳೆ. ಅಂದರೆ ಮದುವೆ ಕುದುರಿಸಿದ್ದು ಯಾರು? ಭೌತಶಾಸ್ತ್ರ!

ಮದುವೆ ಮೊಳಕಾಲ್ಮೂರಿನಲ್ಲೇ, ಬೇಸಿಗೆಯ ಕೊನೆಯಲ್ಲಿ. ಗಂಡಿನ ಮನೆಯ ಮುಂದೆ ಬೀದಿಗೆ ಅಡ್ಡಲಾಗಿ ಕಂಬ ನೆಟ್ಟು, ತಗಡು ಹೊದಿಸಿದ ಚಪ್ಪರ. ಎದುರಿಗೇ ಗಟ್ಟಿ ತಾರಸಿಯ ಶಾಲೆ. ರಜೆಯಾದ್ದರಿಂದ ನಮ್ಮನ್ನೆಲ್ಲ ಅಲ್ಲೇ ಇಳಿಸಿದ್ದರು. ಹಿಂದಿನ ದಿನ ಒಂದು ಮಳೆ ಬಿದ್ದು ನೆಲ ನೆನೆದಿತ್ತು. ಬೆಳಿಗ್ಗೆ ತಾಳಿ ಕಟ್ಟುವ ಹೊತ್ತಿಗೆ ಮೇಲ್ಮಣ್ಣೆಲ್ಲ ಒಣಗಿ ಎಂಥಾ ಧಗೆ! ಪುರೋಹಿತರ ಬೆವರೇ ಹೋಮ ಆರಿಸುವಂತಿತ್ತು.

ಮಧ್ಯಾಹ್ನ ಜನ ಊಟಕ್ಕೆ ಕೂತರು. ಅತ್ತೆ ಮಾತ್ರ ಬೀದಿಯಲ್ಲಿ ನಿಂತು ಗುಡ್ಡದ ಕಡೆ ನೋಡುತ್ತಿದ್ದರು. ಗುಡ್ಡದ ಹಿಂದೆ ಹೂಕೋಸಿನಂಥ ಬಿಳಿ ಮೋಡ ನೋಡನೋಡುತ್ತಲೇ ಎತ್ತರಕ್ಕೆ ಬೆಳೆಯುತ್ತಿತ್ತು.

"ಜನಾನ ಶಾಲೆ ಒಳಕ್ಕೆ ಕಳಿಸ್ರಿ. ಬಿರುಗಾಳಿ ಬರ್ತೈತೆ" ಎಂದರು ಅತ್ತೆ, ಬೀಗರ ಹಿರಿಯರಿಗೆ. ಅವರು ವರನ ದೊಡ್ಡಪ್ಪ, ಮನೆಮಾತು ತೆಲುಗು. ಚಪ್ಪರ ಹಾಕಿಸಿದವರೂ ಅವರೇ.

"ಏಮಮ್ಮಾ, ಒಂದು ಎಲೆ ಸೈತ ಅಲ್ಲಾಡ್ತಿಲ್ಲ, ಬಿರುಗಾಳಿ ಅಂತೀರಲ್ಲ!"

"ಅಲ್ಲಾಡ್ತಿಲ್ಲ ಅಂತಲೇ ಭಯ" ಎಂದವರೇ ಅತ್ತೆ ಅವರನ್ನು ನೀರಿನ ತೊಟ್ಟಿಯ ಹತ್ತಿರ ಕರೆದೊಯ್ದರು. ಖಾಲಿ ಪ್ಲಾಸ್ಟಿಕ್ ಕೊಡವನ್ನು ಬೋರಲು ಹಾಕಿ, ಎರಡೂ ಕೈಯಿಂದ ನೀರೊಳಗೆ ಒತ್ತಿ ಹಿಡಿದರು.

"ನೋಡ್ರಿ. ಕೊಡ ಹಗುರ, ಮೇಲಿರೋ ನೀರು ಭಾರ. ಈಗ ಸುಮ್ನೆ ಐತಲ್ಲ? ಹಂಗೇ ನೆಲದ ಹತ್ರ ಬಿಸಿಗಾಳಿ ತೇವ ಹೀರ್ಕೊಂಡು ಕೂತೈತೆ, ಮೇಲೆ ತಣ್ಣನೆ ಗಾಳಿ ಐತೆ. ಬಿಟ್ರೆ ಏನಾಗ್ತೈತೆ?"

ಬಿಟ್ಟರು! ಕೊಡ ಚಿಮ್ಮಿತು. ದೊಡ್ಡಪ್ಪನವರ ರೇಷ್ಮೆ ಶಲ್ಯ, ಮೀಸೆ, ಗಂಧದ ಬೊಟ್ಟು ಎಲ್ಲ ತೊಯ್ದು ತೊಪ್ಪೆ.

"ಮೇಲೆ ಹೋದ ಆವಿ ಮಳೆಯಾಗ್ತೈತೆ. ಆ ಮಳೆ ಜೊತೆ ತಣ್ಣನೆ ಗಾಳಿ ಧೊಪ್ಪಂತ ಕೆಳಗೆ ಬೀಳ್ತೈತೆ. ನಿಮ್ಮ ತಗಡು ತಡೀತಾವಾ?"

ದೊಡ್ಡಪ್ಪ ಮುಖ ಒರೆಸಿಕೊಂಡು, "ಮದುವೆ ಮನೇಲಿ ಅಪಶಕುನ ನುಡೀಬ್ಯಾಡ್ರಿ" ಎಂದು ಸಿಡುಕಿ ಹೋದರು. ಅಪ್ಪ ತಲೆ ತಗ್ಗಿಸಿದರು. "ಬೀಗರ ಮುಂದೆ ಬ್ಯಾಡ ಅತ್ತೆ" ಎಂದು ನಾನು ಸೆರಗು ಜಗ್ಗಿದೆ. ಅತ್ತೆ ನನ್ನ ಕೈ ಬಿಡಿಸಿಕೊಂಡು ಚಪ್ಪರದ ನಡುವೆ ನಿಂತು, ಮೂರು ಕ್ಲಾಸಿಗೆ ಒಟ್ಟಿಗೆ ಕೇಳಿಸುತ್ತಿದ್ದ ಆ ಗಂಟಲಿನಲ್ಲಿ ಕೂಗಿದರು:

"ಶಾಲೆ ಒಳಗೆ ಬಿಸಿ ಹೋಳಿಗೆ, ತುಪ್ಪ ಬಡಿಸ್ತಾ ಅವ್ರೆ! ಬೇಗ ಹೋದೋರಿಗೆ ಮಾತ್ರ!"

ಪ್ರಚ್ಛನ್ನ ಶಕ್ತಿ ಚಲನ ಶಕ್ತಿಯಾಗುವುದನ್ನು ನಾನು ಅಂದು ಕಣ್ಣಾರೆ ಕಂಡೆ! ಮಂಡಿನೋವಿನ ಅಜ್ಜಿಯರೂ ಓಡಿದರು. ಅಡುಗೆಯವರು ಗಾಬರಿಯಾಗಿ ಹಿಂದೆ ಓಡಿದರು. ಚಪ್ಪರದಲ್ಲಿ ಉಳಿದವರು ದೊಡ್ಡಪ್ಪ ಒಬ್ಬರೇ. ಅತ್ತೆ ಅವರ ರಟ್ಟೆ ಹಿಡಿದು ಎಳೆದುಕೊಂಡೇ ಬಂದರು.

ಬಾಗಿಲು ದಾಟುವಷ್ಟರಲ್ಲಿ ಬೀದಿಯ ತುದಿಯಿಂದ ಕೆಂಪು ಧೂಳು ಗೋಡೆಯಂತೆ ನುಗ್ಗಿತು. ಕಂಬಗಳು ಕಿತ್ತುಬಂದವು. ತಗಡುಗಳು ಒಂದೊಂದಾಗಿ ಎದ್ದು, ನಾವು ಕೂತಿದ್ದ ಪಂಕ್ತಿಯ ಮೇಲೇ ಬಡಿದವು. ಮೇಜುಗಳು ಮುರಿದವು. ಹಿಂದೆಯೇ ಆಲಿಕಲ್ಲು. ಒಳಗಿದ್ದ ಒಬ್ಬರಿಗೂ ಒಂದು ಗೀರೂ ಆಗಲಿಲ್ಲ.

ದೊಡ್ಡಪ್ಪ ಅತ್ತೆಗೆ ಕೈ ಮುಗಿದರು. "ತಲ್ಲೀ, ನಮ್ಮವ್ವಾ, ನಮ್ಮ ಮನೆ ಉಳಿಸಿದ್ರಿ."

ಹಿಂದಿನಿಂದ ಯಾರೋ ಕೇಳಿದರು, "ಅದೆಲ್ಲ ಸರಿ, ಹೋಳಿಗೆ ಎಲ್ಲೈತೆ?"

ಅಷ್ಟೂ ಜನ ನಕ್ಕರು. "ಇವ್ರು ನಮ್ಮತ್ತೆ!" ಎಂದು ನಾನು ಗುರುತಿಲ್ಲದವರಿಗೂ ಹೇಳುತ್ತಾ ತಿರುಗಿದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅತ್ತೆ ಕಾಣಲಿಲ್ಲ. ಖಾಲಿ ತರಗತಿಯೊಂದರ ಕೊನೆಯ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. ಕೈ ಹಿಡಿದೆ. ಈ ಸಲ ಬಿಡಿಸಿಕೊಳ್ಳಲಿಲ್ಲ.

"ಗಾಳಿ ಬರ್ದೇ ಹೋಗಿದ್ರೆ, ಇನ್ಮೇಲೆ ಯಾರೂ ನನ್ನ ಯಾವ ಮದುವೆಗೂ ಕರೀತಿರ್ಲಿಲ್ಲ ಕಣೆ" ಎಂದರು, ಮೆಲ್ಲಗೆ.

"ಬರ್ದೇ ಇದ್ರೂ ಕರೀತಿದ್ವಿ ಅತ್ತೆ. ನೀವಿಲ್ದೆ ನಮ್ಮನೇಲಿ ಎಂಥಾ ಮದುವೆ?"

ನಮ್ಮತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು.