ದಿಂಬಣ್ಣ ಪಾಸಾದ ದಿನ

ಒಂದು ಗುಂಡಿ ಒತ್ತುವುದನ್ನು ಮೂರು ತಿಂಗಳು ಮುಂದೂಡಿದ್ದೇ ದಿಂಬಣ್ಣನ ಕಷ್ಟಕ್ಕೆಲ್ಲ ಮೂಲ. ಆ ಗುಂಡಿಯ ಮೇಲೆ ‘ತರಬೇತಿ ಆರಂಭಿಸಿ’ ಎಂದು ಬರೆದಿತ್ತು.

ವೃದ್ಧರ ಆರೈಕೆಯ ಆ ಮನೆಯಲ್ಲಿ ಅವನು ಹದಿನೆಂಟು ವರ್ಷಗಳಿಂದ ಸಹಾಯಕ. ಯಾರ ಮಂಚದ ಬಳಿ ಹೋದರೂ ಮೊದಲು ದಿಂಬು ಸರಿಮಾಡುತ್ತಿದ್ದ. ಹೀಗಾಗಿ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದು, ಎಲ್ಲರ ಬಾಯಲ್ಲಿ ದಿಂಬಣ್ಣನಾಗಿದ್ದ. ಅವನ ಕೆಲಸ ಮೇಲಿನ ಮಹಡಿಯಲ್ಲಿ. ಅಲ್ಲಿ ಇದ್ದದ್ದು ಆರೇ ಮಂಚ, ಇನ್ನು ಗುಣವಾಗುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದವರಿಗೆ. ಅವರ ಪಕ್ಕ ಕೂತು, ಕೈಹಿಡಿದು, ಎಷ್ಟು ಜನರನ್ನು ಕಳಿಸಿಕೊಟ್ಟಿದ್ದನೋ ಅವನಿಗೇ ನೆನಪಿರಲಿಲ್ಲ. ಸಾವಿನ ಮುಂದೆ ನಡುಗದ ಆ ಕೈ ಕಂಪ್ಯೂಟರ್ ಕಂಡರೆ ಮಾತ್ರ ಗಾಳಿಗೆ ಸಿಕ್ಕ ಎಲೆಯಾಗುತ್ತಿತ್ತು.

ಬೆಳಿಗ್ಗೆ ಎಂಟಕ್ಕೆ ಮ್ಯಾನೇಜರ್ ಮೇಡಂ ಕರೆದರು.

“ದಿಂಬಣ್ಣ, ಕೊನೆಗಾಲದ ಆರೈಕೆಯ ಆನ್‌ಲೈನ್ ತರಬೇತಿ ಎಲ್ಲರದ್ದೂ ಮುಗೀತು. ಅಡುಗೆಯವರದ್ದೂ ಮುಗೀತು. ನಿಮ್ಮೊಬ್ಬರದ್ದೇ ಬಾಕಿ.”

“ನಾಳೆ ಮಾಡ್ತೀನಿ ಮೇಡಂ.”

“ನಾಳೆ ತಪಾಸಣೆಯವರು ಬರ್ತಾರೆ. ಇವತ್ತು ಸಂಜೆ ಐದರೊಳಗೆ ಸರ್ಟಿಫಿಕೇಟ್ ಬರ್ಲಿಲ್ಲ ಅಂದ್ರೆ ನೀವು ಮೇಲಿನ ಮಹಡಿಗೆ ಕಾಲಿಡೋ ಹಾಗಿಲ್ಲ. ಬಟ್ಟೆ ಒಗೆಯೋ ಕಡೆ ಹಾಕ್ತೀನಿ.”

“ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಲ್ಲ ಮೇಡಂ.”

“ನಂಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲವಲ್ಲ.”

ದಿಂಬಣ್ಣ ಕಚೇರಿಯ ಲ್ಯಾಪ್‌ಟಾಪ್ ತೆಗೆದುಕೊಂಡು ಮೇಲೆ ಬಂದ. ಮೂರನೇ ಮಂಚದಲ್ಲಿ ಟೈಲರ್ ತಾತ ಮಲಗಿದ್ದರು. ಐವತ್ತು ವರ್ಷ ಊರಿಗೆಲ್ಲ ಬಟ್ಟೆ ಹೊಲಿದು, ಈಗ ತಾವೇ ದಾರದ ಎಳೆಯಷ್ಟಾಗಿದ್ದರು. ಎರಡು ವಾರದ ಹಿಂದೆ ಅವರು ದಿಂಬಣ್ಣನಿಂದ ಮಾತು ತೆಗೆದುಕೊಂಡಿದ್ದರು: “ನನ್ನ ಸಮಯ ಬಂದಾಗ ಪಕ್ಕದಲ್ಲಿ ನೀನೇ ಇರ್ಬೇಕು. ಬೇರೆಯವರು ದಿಂಬು ಇಟ್ರೆ ಕುತ್ತಿಗೆ ಸೊಟ್ಟ ಆಗುತ್ತೆ.” ದಿಂಬಣ್ಣ ಆಗಲಿ ಎಂದಿದ್ದ.

“ಪರೀಕ್ಷೆಯಂತೆ?” ತಾತ ಕೇಳಿದರು. ಸುದ್ದಿ ಅವನಿಗಿಂತ ಮೊದಲೇ ಮೆಟ್ಟಿಲು ಹತ್ತಿತ್ತು.

“ಹೂಂ ತಾತ.”

“ಸ್ಕೂಲಲ್ಲಿ ಹೇಗಿದ್ದೆ?”

“ಏಳನೇ ಕ್ಲಾಸಲ್ಲಿ ಎರಡು ವರ್ಷ ಕೂತಿದ್ದೆ.”

“ಕೂರೋದ್ರಲ್ಲಿ ಮೊದಲಿಂದ್ಲೂ ಗಟ್ಟಿ ಅನ್ನು.”

“ಇವತ್ತು ಪಾಸಾಗ್ತೀನಿ,” ಎಂದ ದಿಂಬಣ್ಣ. ದಿಂಬು ಸರಿಮಾಡಿ, ಲ್ಯಾಪ್‌ಟಾಪನ್ನು ತುಂಬಿದ ಬಿಸಿನೀರಿನ ಪಾತ್ರೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಊಟದ ಹಾಲ್‌ಗೆ ಇಳಿದ.

ಪಾಠ ಶುರುವಾಯಿತು. ಒಬ್ಬ ಹೆಂಗಸಿನ ದನಿ ಜೇನು ಸುರಿದ ಹಾಗೆ ಮಾತಾಡುತ್ತಿತ್ತು. ನೋಡುವವನು ನಿದ್ದೆ ಹೋಗಬಾರದೆಂದು ಐದೈದು ನಿಮಿಷಕ್ಕೆ ಅದೇ ದನಿ ಕೇಳುತ್ತಿತ್ತು: “ನೀವು ಇನ್ನೂ ಇದ್ದೀರಾ?”

ಕಿಟಕಿಯ ಬಳಿ ಸ್ವೆಟರ್ ಹೆಣೆಯುತ್ತಿದ್ದ ಅಜ್ಜಿ ತಲೆಯೆತ್ತಿದರು. “ಇದ್ದೀನಮ್ಮ.”

ಐದು ನಿಮಿಷ ಕಳೆದು ಮತ್ತೆ: “ನೀವು ಇನ್ನೂ ಇದ್ದೀರಾ?”

“ಇದ್ದೀನಿ ಅಂದ್ನಲ್ಲ,” ಎಂದರು ಅಜ್ಜಿ.

ಮೂರನೇ ಸಲ ಕೇಳಿದಾಗ ಅಜ್ಜಿ ಸೂಜಿ ಕೆಳಗಿಟ್ಟರು. “ಏನ್ ದಿಂಬಣ್ಣ ಇವಳು, ನನ್ನ ಹಾಸಿಗೆಗೆ ಯಾರಾದ್ರೂ ಕಾಯ್ತಿದ್ದಾರಾ? ನಂಗೇನೂ ಅವಸರ ಇಲ್ಲ ಅಂತ ಹೇಳು.”

ಅಜ್ಜಿಯನ್ನು ಸಮಾಧಾನ ಮಾಡುವಷ್ಟರಲ್ಲಿ ಅರ್ಧ ಪಾಠ ಕಿವಿಯ ಪಕ್ಕದಿಂದ ಹಾದುಹೋಗಿತ್ತು. ಗಂಟೆ ಹನ್ನೊಂದಕ್ಕೆ ಪರೀಕ್ಷೆ ಬಂತು. ಇಪ್ಪತ್ತು ಪ್ರಶ್ನೆ, ಪಾಸಾಗಲು ನೂರಕ್ಕೆ ಎಂಬತ್ತು, ಅವಕಾಶ ಮೂರೇ ಸಲ. ಮೊದಲ ಪ್ರಶ್ನೆ: ‘ನಾನು ಸಾಯುತ್ತೇನೆಯೇ ಎಂದು ರೋಗಿಯು ಕೇಳಿದರೆ ನೀವು ಮೊದಲು ಏನು ಮಾಡುತ್ತೀರಿ?’

ದಿಂಬಣ್ಣ ನಾಲ್ಕೂ ಉತ್ತರಗಳನ್ನು ಎರಡೆರಡು ಸಲ ಓದಿದ. ದಿಂಬಿನ ಮಾತೇ ಇರಲಿಲ್ಲ.

ಅಷ್ಟರಲ್ಲಿ ನಿವೃತ್ತ ಹೆಡ್‌ಮೇಷ್ಟ್ರು ಊರುಗೋಲು ಟಕಟಕ ಮಾಡುತ್ತ ಹಿಂದೆ ಬಂದು ನಿಂತರು. “ಗೊತ್ತಿಲ್ಲದೆ ಇದ್ರೆ ‘ಸಿ’ ಹಾಕಪ್ಪ. ಮೂವತ್ತೈದು ವರ್ಷ ಪ್ರಶ್ನೆಪತ್ರಿಕೆ ತಯಾರು ಮಾಡಿದವನು ನಾನು. ಉತ್ತರ ಅಡಗಿರೋದೇ ಅಲ್ಲಿ.”

ಹೆಡ್‌ಮೇಷ್ಟ್ರ ಮಾತು ಮೀರುವ ಧೈರ್ಯ ಏಳನೇ ಕ್ಲಾಸಿನಲ್ಲೂ ದಿಂಬಣ್ಣನಿಗೆ ಇರಲಿಲ್ಲ. ಗೊತ್ತಿಲ್ಲದ್ದಕ್ಕೆಲ್ಲ ‘ಸಿ’ ಹಾಕಿದ. ಮೂವತ್ತೈದು ಅಂಕ ಬಂತು.

“ನಮ್ಮ ಕಾಲದಲ್ಲಿ ಅದು ಪಾಸು,” ಎಂದರು ಮೇಷ್ಟ್ರು.

ಎರಡನೇ ಸಲ ಶುರುಮಾಡುವ ಹೊತ್ತಿಗೆ ಊಟದ ಗಂಟೆ ಬಾರಿಸಿತ್ತು. ತಟ್ಟೆಗಳ ಸಮೇತ ಇಡೀ ಕೆಳಮಹಡಿ ಅವನ ಸುತ್ತ ನೆರೆಯಿತು. ‘ಸಾಯುತ್ತಿರುವವರ ಬಳಿ ಸುಮ್ಮನೆ ಕುಳಿತಿರಬಹುದೇ?’ ಎಂಬ ಪ್ರಶ್ನೆಗೆ ಎರಡು ಪಕ್ಷಗಳಾದವು.

“ಸುಮ್ನೆ ಕೂತ್ರೆ ನಂಗೆ ಮೈ ಉರಿಯುತ್ತೆ. ಏನಾದ್ರೂ ಮಾತಾಡ್ಬೇಕು,” ಎಂದರು ಸ್ವೆಟರ್ ಅಜ್ಜಿ.

“ನೀವು ಹೋಗೋ ಹೊತ್ತಲ್ಲೂ ಬೇರೆಯವರಿಗೆ ಬಾಯಿ ತೆಗೆಯೋಕೆ ಬಿಡಲ್ಲ, ಬಿಡಿ,” ಎಂದರು ಮೇಷ್ಟ್ರು.

ಅಜ್ಜಿ ಉತ್ತರ ಕೊಡಲು ಮುಂದೆ ಬಾಗಿದರು. ಮೇಷ್ಟ್ರೂ ಬಾಗಿದರು. ಉಳಿದವರು ತಮಾಷೆ ನೋಡಲು ಬಾಗಿದರು. ಪರದೆ ಕೆಂಪಾಯಿತು. ‘ಒಂದಕ್ಕಿಂತ ಹೆಚ್ಚು ಮುಖಗಳು ಕಾಣಿಸುತ್ತಿವೆ. ಪರೀಕ್ಷೆ ರದ್ದು.’

ಒಬ್ಬೊಬ್ಬರೇ ತಟ್ಟೆ ಎತ್ತಿಕೊಂಡು ತಮಗೂ ಆ ಮುಖಗಳಿಗೂ ಸಂಬಂಧವೇ ಇಲ್ಲವೆಂಬಂತೆ ಕರಗಿಹೋದರು.

ದಿಂಬಣ್ಣ ಟೈಲರ್ ತಾತನ ಬಳಿ ಬಂದು ಕೂತ. “ಇನ್ನೊಂದೇ ಸಲ ಇರೋದು ತಾತ. ನಾನು ಮಾಡೋದು ಒಂದು, ಅವರು ಕೇಳೋದು ಒಂದು.”

ತಾತ ಉಸಿರು ಕೂಡಿಸಿಕೊಂಡು ನಿಧಾನವಾಗಿ ಹೇಳಿದರು. “ಗಿರಾಕಿ ಹೇಳಿದ ಅಳತೆಗೆ ಹೊಲೀಬೇಕು ಕಣಪ್ಪ. ನಿನಗೆ ಯಾವುದು ಚಂದ ಅಂತ ಅವನು ಕೇಳ್ಲಿಲ್ಲ. ಮೊದಲು ಅವರು ಹೇಳೋದನ್ನ ಪೂರ್ತಿ ಕೇಳಿಸ್ಕೋ.”

ಅದು ಸರಿಯೆನಿಸಿತು. ಮೇಲಿನ ಮಹಡಿಯ ಹೊದಿಕೆ, ಚಾದರಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಚಾದರದ ಗಂಟಿನ ಮೇಲೆ ಕೂತು ಇಡೀ ಪಾಠವನ್ನು ಮೊದಲಿಂದ ಕೇಳಿದ. ಕೈಗೆ ಸಿಕ್ಕ ಹಳೇ ಔಷಧಿ ಪೆಟ್ಟಿಗೆಯ ಮೇಲೆ ಬರೆದುಕೊಂಡ. ‘ನೀವು ಇನ್ನೂ ಇದ್ದೀರಾ?’ ಎಂದಾಗಲೆಲ್ಲ ಹಲ್ಲು ಕಚ್ಚಿ ‘ಹೌದು’ ಒತ್ತಿದ. ಕೇಳುತ್ತ ಕೇಳುತ್ತ ಅವನಿಗೊಂದು ಆಶ್ಚರ್ಯವೂ ಆಯಿತು: ಆ ಹೆಂಗಸು ಹೇಳುತ್ತಿದ್ದುದರಲ್ಲಿ ಬಹುಪಾಲು ತಾನು ದಿನಾ ಮಾಡುವುದೇ, ಹೆಸರು ಮಾತ್ರ ಉದ್ದ.

ನಾಲ್ಕು ಗಂಟೆಗೆ ಮೂರನೇ ಪರೀಕ್ಷೆ. ಹತ್ತೊಂಬತ್ತು ಪ್ರಶ್ನೆ ದಾಟಿದ. ಇಪ್ಪತ್ತನೆಯದು ಮೊದಲ ಸಲ ಇರದಿದ್ದ ಪ್ರಶ್ನೆ: ‘ಹೆದರಿರುವ ರೋಗಿಯೊಂದಿಗೆ ಹೇಗೆ ಮಾತನಾಡುವಿರಿ? ಕೆಂಪು ಗುಂಡಿ ಒತ್ತಿ ಐದು ನಿಮಿಷ ಮಾತನಾಡಿ; ಕ್ಯಾಮೆರಾ ಆಫ್ ಆಗಿ ದನಿ ಮಾತ್ರ ದಾಖಲಾಗುತ್ತದೆ. ಕೇಂದ್ರ ಕಚೇರಿಯವರು ಆಲಿಸಿ ಅಂಕ ನೀಡುತ್ತಾರೆ.’

ದಿಂಬಣ್ಣ ಗುಂಡಿ ಒತ್ತಿದ. ಎದುರಿಗೆ ಮಡಿಸಿಟ್ಟ ಚಾದರ ಬಿಟ್ಟರೆ ಯಾರೂ ಇರಲಿಲ್ಲ. ಚಾದರಕ್ಕೆ ಏನು ಹೇಳುವುದು?

ಆಗಲೇ ಮೂರನೇ ಮಂಚದ ಕರೆಗಂಟೆ ಹೊಡೆಯಿತು. ಪರೀಕ್ಷೆಯೋ ತಾತನೋ ಎಂದು ಯೋಚಿಸಲು ಅವನು ನಿಲ್ಲಲಿಲ್ಲ. ಲ್ಯಾಪ್‌ಟಾಪನ್ನು ಕಂಕುಳಿಗೆ ಸಿಕ್ಕಿಸಿಕೊಂಡೇ ಓಡಿದ; ಒತ್ತಿದ ಕೆಂಪು ಗುಂಡಿ ಇನ್ನೂ ಆರಿರಲಿಲ್ಲ.

ತಾತನ ಹಣೆ ಬೆವೆತಿತ್ತು. ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು.

“ಬಂದೆ ತಾತ. ನಾನೇ. ಕೈ ಕೊಡಿ.”

“ಉಸಿರು ಸಿಕ್ತಿಲ್ಲ ಕಣೋ. ಭಯ ಆಗ್ತಿದೆ.”

“ಆಗುತ್ತೆ ತಾತ. ಹೇಳಿದ್ದು ಒಳ್ಳೇದಾಯ್ತು. ನರ್ಸಮ್ಮನಿಗೂ ಗಂಟೆ ಹೊಡೆದಿದ್ದೀನಿ, ಔಷಧಿ ತರ್ತಾರೆ. ಸ್ವಲ್ಪ ಎತ್ತಿ ಕೂರಿಸ್ತೀನಿ. ಹಾಂ, ಈಗ ನನ್ನ ಜೊತೆ ನಿಧಾನವಾಗಿ ಉಸಿರು ಬಿಡಿ.”

“ಇವತ್ತೇನಾ?”

“ನಂಗೂ ಗೊತ್ತಿಲ್ಲ ತಾತ. ಇವತ್ತಾದ್ರೂ ಇಲ್ಲೇ ಇರ್ತೀನಿ, ಇವತ್ತಲ್ಲ ಅಂದ್ರೂ ಇಲ್ಲೇ ಇರ್ತೀನಿ.”

ನರ್ಸಮ್ಮ ಔಷಧಿ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ತಾತನ ಉಸಿರು ಹದಕ್ಕೆ ಬಂತು. ದಿಂಬಣ್ಣ ಪರದೆ ನೋಡಿದರೆ, ‘ನಿಮ್ಮ ಉತ್ತರ ಸ್ವೀಕರಿಸಲಾಗಿದೆ’ ಎಂದು ತೋರಿಸುತ್ತಿತ್ತು. ಮುಗಿಯಿತು ಕತೆ ಎಂದುಕೊಂಡ. ಬಟ್ಟೆ ಒಗೆಯುವ ಕೋಣೆಯಿಂದ ಕದ್ದು ಮೇಲೆ ಬರಲು ಹಿಂದಿನ ಮೆಟ್ಟಿಲಿದೆ ಎಂಬ ಯೋಚನೆಯೂ ಬಂತು.

ಐದಕ್ಕೆ ಎರಡು ನಿಮಿಷವಿದ್ದಾಗ ಫಲಿತಾಂಶ ಬಂತು: ನೂರಕ್ಕೆ ತೊಂಬತ್ತೆಂಟು. ದಿಂಬಣ್ಣ ಕಣ್ಣುಜ್ಜಿಕೊಂಡು, ಮೂವತ್ತೆಂಟಿರಬಹುದೆಂದು ಮತ್ತೆ ನೋಡಿದ. ತೊಂಬತ್ತೆಂಟೇ.

ಕೆಳಗೆ ಮ್ಯಾನೇಜರ್ ಮೇಡಂ ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. “ಎಲ್ಲಾ ಶಾಖೆಗಳಲ್ಲೂ ನೀವೇ ಫಸ್ಟ್ ದಿಂಬಣ್ಣ. ಕೇಂದ್ರ ಕಚೇರಿಯವರು ಫೋನ್ ಮಾಡಿದ್ರು. ತಾತನ ಪಾತ್ರ ಮಾಡಿದವರೂ ತುಂಬಾ ಸಹಜವಾಗಿ ಮಾಡಿದ್ದಾರೆ ಅಂದ್ರು.”

“ಸದ್ಯ. ಹಾಗಾದ್ರೆ ಮೇಲೆ ಹೋಗ್ತೀನಿ ಮೇಡಂ.”

“ಮೇಲೆ ಎಲ್ಲಿ? ಇಷ್ಟು ಚೆನ್ನಾಗಿ ಮಾತಾಡೋರು ತರಬೇತಿ ವಿಭಾಗಕ್ಕೆ ಬೇಕಂತೆ. ನಾಳೆ ಬೆಳಿಗ್ಗೆ ಎಂಟಕ್ಕೆ ಗಾಡಿ ಬರುತ್ತೆ. ಇನ್ಮೇಲೆ ನೀವು ಕಂಪ್ಯೂಟರ್ ಮುಂದೆ ಕೂತು ಪಾಠ ಹೇಳೋದು.”

ದಿಂಬಣ್ಣ ಲ್ಯಾಪ್‌ಟಾಪನ್ನು ಅವರ ಮೇಜಿನ ಮೇಲಿಟ್ಟ. “ಬೇಡ ಮೇಡಂ. ನನ್ನ ಜಾಗ ಮೇಲೇ ಇರ್ಲಿ.”

“ಆ ಜಾಗ ಎಲ್ಲಿದೆ? ನೀವು ಪಾಸಾಗಲ್ಲ ಅಂತ ಮಧ್ಯಾಹ್ನವೇ ಬಟ್ಟೆ ಒಗೆಯೋರನ್ನ ಅಲ್ಲಿಗೆ ಹಾಕ್ಬಿಟ್ಟೆ. ಅವರ ಸರ್ಟಿಫಿಕೇಟ್ ಬಂದು ಎರಡು ತಿಂಗಳಾಯ್ತು.”

“ಹಾಗಾದ್ರೆ ನಾನೇ ಬಟ್ಟೆ ಒಗೀತೀನಿ.”

“ಫಸ್ಟ್ ಬಂದವರನ್ನ ಅಲ್ಲಿ ಕೂರಿಸಿದ್ರೆ ತಪಾಸಣೆಯವರು ನನ್ನನ್ನ ಒಗೀತಾರೆ.”

ಅಷ್ಟಕ್ಕೆ ಸೋಲುವವನಲ್ಲ ದಿಂಬಣ್ಣ. ಅಲ್ಲೇ ನಿಂತು ಲ್ಯಾಪ್‌ಟಾಪ್ ತೆರೆದ. ಈ ಸಲ ಫೇಲಾಗುವುದು ಹೇಗೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಉತ್ತೀರ್ಣರಾದವರು ಮತ್ತೆ ಪರೀಕ್ಷೆ ಬರೆಯುವಂತಿಲ್ಲ ಎಂದು ಅದು ಬಹಳ ವಿನಯದಿಂದ ತಿಳಿಸಿತು.

ಕಾಲೆಳೆದುಕೊಂಡು ಮೇಲೆ ಹೋದ. ಟೈಲರ್ ತಾತ ಎಚ್ಚರವಾಗಿದ್ದರು. ಕೊಟ್ಟ ಮಾತು ತಪ್ಪಿಹೋಗುತ್ತದೆ ಎನ್ನುವವರೆಗೆ ಎಲ್ಲವನ್ನೂ ಹೇಳಿದ. ತಾತ ನಡುವೆ ಬಾಯಿಹಾಕದೆ ಕೇಳಿಸಿಕೊಂಡರು.

“ನಾಳೆ ಎಷ್ಟು ಹೊತ್ತಿಗೆ ಹೊರಡೋದು ಅಂದೆ?”

“ಎಂಟು ಗಂಟೆಗೆ ತಾತ.”

ತಾತ ಗೋಡೆಯ ಗಡಿಯಾರ ನೋಡಿದರು. ಆರು ಹೊಡೆದಿತ್ತು. ಬೆರಳು ಮಡಿಸುತ್ತ ಎಣಿಸಿದರು. ಅಂಗಡಿಗೆ ಬಂದ ಅವಸರದ ಗಿರಾಕಿಗಳಿಗೆ ಐವತ್ತು ವರ್ಷ ಯಾವ ದನಿಯಲ್ಲಿ ಹೇಳಿದ್ದರೋ ಅದೇ ದನಿಯಲ್ಲಿ ಹೇಳಿದರು:

“ಹದಿನಾಲ್ಕು ಗಂಟೆ. ಪ್ರಯತ್ನ ಮಾಡ್ತೀನಪ್ಪ. ಆದ್ರೆ ಮಾತು ಕೊಡಕ್ಕಾಗಲ್ಲ.”